25 ಮಿಲಿಗ್ರಾಂ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬುವುದು: ನನ್ನ ಅನುಭವ

ಶಿವಮೊಗ್ಗದ ಹೊರವಲಯದ ಔಷಧ ತಯಾರಿಕಾ ಘಟಕವೊಂದರಲ್ಲಿ ಕ್ಯಾಪ್ಸೂಲ್ ತುಂಬುವ ವಿಭಾಗದ ಹೊಣೆ ಹೊತ್ತ ಮೇಲೆ ನನಗೆ ಎದುರಾದ ಅತ್ಯಂತ ಸೂಕ್ಷ್ಮವಾದ ಕೆಲಸವೆಂದರೆ, ಉಬ್ಬಸದ ರೋಗಿಗಳು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಕ್ಯಾಪ್ಸೂಲುಗಳಿಗೆ ತಲಾ 25 ಮಿಲಿಗ್ರಾಂ ಪುಡಿ ತುಂಬುವುದು. ನುಂಗುವ ಕ್ಯಾಪ್ಸೂಲಿನಲ್ಲಿ 250 ಮಿಲಿಗ್ರಾಂ ಪುಡಿ ಇದ್ದರೆ 2 ಮಿಲಿಗ್ರಾಂ ಏರುಪೇರು ಶೇ. 1ನ್ನೂ ಮುಟ್ಟುವುದಿಲ್ಲ, ಇಲ್ಲಿ ಅದೇ 2 ಮಿಲಿಗ್ರಾಂ ಶೇ. 8 ಆಗುತ್ತದೆ. ಆ 25 ಮಿಲಿಗ್ರಾಂನಲ್ಲಿ ಶ್ವಾಸನಾಳವನ್ನು ಹಿಗ್ಗಿಸುವ ಔಷಧಿಯಾದ ಸಾಲ್ಬುಟಮಾಲ್ ಇರುವುದು 200 ಮೈಕ್ರೋಗ್ರಾಂ (0.2 ಮಿಲಿಗ್ರಾಂ) ಮಾತ್ರ, ಉಳಿದುದೆಲ್ಲ ಅದನ್ನು ಹೊತ್ತೊಯ್ಯುವ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಮಿಶ್ರಣವೇ ಸಮವಾಗಿಲ್ಲದಿದ್ದರೆ ತುಂಬುವ ಯಂತ್ರ ಏನನ್ನೂ ಸರಿಪಡಿಸಲಾರದು. ಆದರೆ ಮಿಶ್ರಣ ಸರಿಯಿದ್ದು ತುಂಬುವಲ್ಲಿ ತಪ್ಪಿದರೆ ಏನು ಮಾಡಬೇಕು ಎಂಬುದೇ ಇಲ್ಲಿ ನಾನು ಹೇಳಹೊರಟಿರುವ ವಿಷಯ.

ಮೊದಲು ಬದಲಾಯಿಸಿದ್ದು ತೂಗುವ ಕ್ರಮವನ್ನು. ಸಾಮಾನ್ಯವಾಗಿ ಆಪರೇಟರುಗಳು ತುಂಬಿದ ಕ್ಯಾಪ್ಸೂಲನ್ನು ತೂಗಿ, ಖಾಲಿ ಕ್ಯಾಪ್ಸೂಲಿನ ಸರಾಸರಿ ತೂಕವನ್ನು ಕಳೆದು, ಉಳಿದದ್ದನ್ನು ಪುಡಿಯ ತೂಕವೆಂದು ಬರೆದುಕೊಳ್ಳುತ್ತಾರೆ. ದೊಡ್ಡ ಡೋಸಿಗೆ ಇದು ಸಾಕು. ಆದರೆ 3ನೇ ಸೈಜಿನ ಖಾಲಿ ಕ್ಯಾಪ್ಸೂಲ್ ಒಂದೇ ಸುಮಾರು 48 ಮಿಲಿಗ್ರಾಂ ತೂಗುತ್ತದೆ, ಅದೂ ಒಂದಕ್ಕಿಂತ ಒಂದು 2–3 ಮಿಲಿಗ್ರಾಂ ವ್ಯತ್ಯಾಸವಾಗುತ್ತದೆ. ಅಂದರೆ ತಕ್ಕಡಿಯ ಮೇಲೆ ಕಾಣುವ ತೂಕದಲ್ಲಿ ಮೂರನೆಯ ಎರಡು ಪಾಲು ಬರಿಯ ಸಿಪ್ಪೆಯದು. ಒಂದು ಲೆಕ್ಕ ಹಾಕಿ ನೋಡಿ: ಸಿಪ್ಪೆಯ ತೂಕದ ಪ್ರಮಾಣ ವಿಚಲನೆ (ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 1.2 ಮಿಲಿಗ್ರಾಂ, ಪುಡಿಯದು 0.6 ಎಂದಿದ್ದರೆ ಒಟ್ಟು ತೂಕದ ವಿಚಲನೆ ಸುಮಾರು 1.34 ಆಗುತ್ತದೆ. ಪುಡಿಯ ಏರುಪೇರು ಇಮ್ಮಡಿಯಾಗಿ 1.2ಕ್ಕೆ ಏರಿದರೂ ಒಟ್ಟು ತೂಕದ್ದು 1.70 ಅಷ್ಟೇ. ರೋಗಿಗೆ ತಲುಪುವ ಡೋಸು ಇಮ್ಮಡಿ ಅಸ್ಥಿರವಾಗಿದ್ದರೂ ನಮ್ಮ ದಾಖಲೆಯಲ್ಲಿ ಅದು ಕಾಲು ಪಾಲಿನ ಹೆಚ್ಚಳದಂತೆ ಮಾತ್ರ ಕಾಣುತ್ತದೆ. 300 ಮಿಲಿಗ್ರಾಂಗಿಂತ ಕಡಿಮೆ ತುಂಬುವ ಕ್ಯಾಪ್ಸೂಲುಗಳ ತೂಕದ ಏಕರೂಪತೆಗೆ ನಮ್ಮ ದೇಶದ ಔಷಧ ಮಾನದಂಡಗಳ ಅಧಿಕೃತ ಗ್ರಂಥವಾದ ಇಂಡಿಯನ್ ಫಾರ್ಮಕೋಪಿಯಾ ಇಟ್ಟಿರುವ ಮಿತಿ ಸರಾಸರಿಯ ಶೇ. 10, ನಮ್ಮ ಲೆಕ್ಕದಲ್ಲಿ ಅದು 2.5 ಮಿಲಿಗ್ರಾಂ, ಹೆಚ್ಚುಕಡಿಮೆ ಸಿಪ್ಪೆಯ ವ್ಯತ್ಯಾಸದಷ್ಟೇ.

ಆದ್ದರಿಂದ ಪ್ರತಿ ಮಾದರಿಯಲ್ಲೂ ಕ್ಯಾಪ್ಸೂಲನ್ನು ತೂಗಿ, ತೆರೆದು, ಪುಡಿಯನ್ನು ಪೂರ್ತಿ ತೆಗೆದು, ಒಳಗೋಡೆಗೆ ಅಂಟಿದ್ದನ್ನು ಮೃದುವಾದ ಬ್ರಷ್‌ನಿಂದ ಬಿಡಿಸಿ, ಅದೇ ಸಿಪ್ಪೆಯನ್ನು ಮತ್ತೆ ತೂಗುವ ಕ್ರಮವನ್ನು ಜಾರಿಗೆ ತಂದೆ. 0.1 ಮಿಲಿಗ್ರಾಂ ತೋರಿಸುವ ತಕ್ಕಡಿ, ಅದರ ಸುತ್ತ ಗಾಳಿ ತಡೆಯುವ ಗಾಜಿನ ಮರೆ, ಅಲುಗದ ಕಲ್ಲಿನ ಮೇಜು ಇವು ಇದಕ್ಕೆ ಬೇಕೇಬೇಕು. ಸಮಯ ಹಿಡಿಯುತ್ತದೆ, ಮಾದರಿಗಳು ನಾಶವಾಗುತ್ತವೆ ಎಂದು ಶಿಫ್ಟಿನವರು ಆಕ್ಷೇಪಿಸಿದ್ದು ನಿಜ. ಆದರೂ ಇಷ್ಟು ಸಣ್ಣ ಡೋಸಿನಲ್ಲಿ ಪುಡಿಯ ನಿಜವಾದ ತೂಕವನ್ನು ತಿಳಿಯಲು ನಮ್ಮಲ್ಲಿದ್ದ ಸಲಕರಣೆಗಳಿಂದ ಬೇರೆ ದಾರಿಯಿರಲಿಲ್ಲ.

ಸರಿಯಾದ ಅಂಕಿಗಳು ಕೈಗೆ ಬಂದ ಮೇಲೆ ಏರುಪೇರಿನ ಮೂಲವನ್ನು ಹುಡುಕುವುದು ಸಾಧ್ಯವಾಯಿತು. ಕ್ಯಾಪ್ಸೂಲ್ ತುಂಬುವ ನಮ್ಮ ಡೋಸೇಟರ್ ಯಂತ್ರ ಪುಡಿಯನ್ನು ತೂಗುವುದಿಲ್ಲ, ಅಳೆಯುತ್ತದೆ. ಟೊಳ್ಳಾದ ಸಣ್ಣ ನಳಿಗೆಯೊಂದು ಪುಡಿಯ ಹಾಸಿನೊಳಗೆ ಇಳಿದು, ಪಿಸ್ಟನ್ನಿನ ಕೆಳಗೆ ಇರುವಷ್ಟು ಜಾಗದಲ್ಲಿ ಪುಡಿಯನ್ನು ಹಿಡಿದು, ಕ್ಯಾಪ್ಸೂಲಿನ ಮೇಲೆ ಬಂದು ಬಿಡುತ್ತದೆ. ಸೇರಿನಲ್ಲಿ ಅಕ್ಕಿ ಅಳೆಯುವವರು ಕುಲುಕಿ ತುಂಬಿದರೆ ಒಂದು ತೂಕ, ಹಾಗೆಯೇ ಸುರಿದು ತಲೆ ಒರೆಸಿದರೆ ಇನ್ನೊಂದು ತೂಕ ಬರುವಂತೆ, ಹಾಸಿನ ಎತ್ತರ ಅಥವಾ ಸಾಂದ್ರತೆ ಬದಲಾದರೆ ಅದೇ ಜಾಗದಲ್ಲಿ ಬೇರೆ ತೂಕ ಕೂರುತ್ತದೆ. ನುಂಗುವ ಕ್ಯಾಪ್ಸೂಲಿನಲ್ಲಾದರೆ ಪಿಸ್ಟನ್ನಿನಿಂದ ಪುಡಿಯನ್ನು ಚೆನ್ನಾಗಿ ಒತ್ತಿ ಈ ವ್ಯತ್ಯಾಸವನ್ನು ಸ್ವಲ್ಪ ಅಡಗಿಸಬಹುದು. ಉಸಿರಿನ ಪುಡಿಗೆ ಆ ಅವಕಾಶವಿಲ್ಲ. ನಳಿಗೆಯಿಂದ ಉದುರದಷ್ಟು ಅದು ಹಿಡಿದುಕೊಂಡಿರಬೇಕು, ರೋಗಿ ಉಸಿರೆಳೆದ ಕ್ಷಣದಲ್ಲಿ ಕಣಕಣವಾಗಿ ಬಿಡಿಸಿಕೊಳ್ಳಲೂ ಬೇಕು. ಹೆಚ್ಚು ಒತ್ತಿದರೆ ತೂಕ ಚೆನ್ನಾಗಿ ಕಾಣುತ್ತದೆ, ಔಷಧಿ ಮಾತ್ರ ಉಂಡೆಯಾಗಿ ಗಂಟಲಿನಲ್ಲೇ ಉಳಿಯುತ್ತದೆ. ಹೀಗಾಗಿ ಒತ್ತಡವನ್ನು ಆದಷ್ಟು ಕಡಿಮೆ ಇಟ್ಟು, ಪುಡಿ ಸುರಿಯುವ ಹಾಪರಿನಲ್ಲಿ ಅದರ ಮಟ್ಟವನ್ನು ಕಿರಿದಾದ ಮಿತಿಯೊಳಗೆ ಕಾಯ್ದುಕೊಂಡು, ಹಾಸಿನ ಎತ್ತರವನ್ನು ಪಿಸ್ಟನ್ ಕೆಳಗಿನ ಜಾಗದ ಎರಡು ಪಟ್ಟಿಗಿಂತ ತುಸು ಹೆಚ್ಚಿಗೆ ಸ್ಥಿರಗೊಳಿಸಿದೆವು. ಯಂತ್ರ ನಿಂತು ಮತ್ತೆ ಹೊರಟಾಗಲೆಲ್ಲ ಹಾಸು ಸಮಸ್ಥಿತಿಗೆ ಬರುವವರೆಗಿನ ಕ್ಯಾಪ್ಸೂಲುಗಳನ್ನು ತಿರಸ್ಕರಿಸುವುದು ಕಡ್ಡಾಯವಾಯಿತು. ನಮ್ಮ ಹಿರಿಯ ಆಪರೇಟರ್ ಒಬ್ಬರು ನಳಿಗೆ ಎದ್ದ ಮೇಲೆ ಹಾಸಿನಲ್ಲಿ ಉಳಿಯುವ ಗುಂಡಿ ಮುಚ್ಚಿಕೊಳ್ಳುವ ರೀತಿಯನ್ನು ನೋಡಿಯೇ ಪುಡಿಯ ಹರಿವು ಬದಲಾಗಿದೆಯೆಂದು ಹೇಳುತ್ತಿದ್ದರು; ಆ ಕಣ್ಣಿಗೆ ನಾನು ಇಂದಿಗೂ ಬೆಲೆ ಕೊಡುತ್ತೇನೆ.

ಮಲೆನಾಡಿನಲ್ಲಿ ಇದಕ್ಕೆ ಮಳೆಗಾಲದ ಕಷ್ಟವೂ ಸೇರುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದ ದಿನಗಳಲ್ಲಿ ಹೊರಗಿನ ಸಾಪೇಕ್ಷ ಆರ್ದ್ರತೆ ಶೇ. 90 ದಾಟುತ್ತದೆ. ಕೋಣೆಯಲ್ಲಿ ಅದನ್ನು ಶೇ. 40ರಿಂದ 50ರೊಳಗೆ ಇಡಬೇಕು. ಶೇ. 60 ಮೀರಿದರೆ ಕಣಗಳ ನಡುವೆ ತೇವ ಸೇರಿ ಪುಡಿ ಒಂದಕ್ಕೊಂದು ಅಂಟುತ್ತದೆ, ಶೇ. 30ಕ್ಕೆ ಇಳಿದರೆ ಸ್ಥಿರ ವಿದ್ಯುತ್ತು ಹೆಚ್ಚಿ ನಳಿಗೆಯ ತುದಿಗೂ ಕ್ಯಾಪ್ಸೂಲಿನ ಅಂಚಿಗೂ ಮೆತ್ತಿಕೊಳ್ಳುತ್ತದೆ. ತೇವವನ್ನು ಹೀರುವ ಯಂತ್ರವನ್ನು ಆತುರದಲ್ಲಿ ಜೋರಾಗಿ ಓಡಿಸಿದರೆ ಒಂದು ತೊಂದರೆ ತಪ್ಪಿ ಇನ್ನೊಂದು ಬರುತ್ತದೆಂಬುದನ್ನು ಆಪರೇಟರುಗಳಿಗೆ ಮನದಟ್ಟು ಮಾಡಬೇಕಾಯಿತು. ಮಿಶ್ರಣ ಮುಗಿದ ಪುಡಿಯಲ್ಲಿ ತಿಕ್ಕಾಟದಿಂದ ಹುಟ್ಟಿದ ವಿದ್ಯುತ್ತು ಇರುವುದರಿಂದ ಅದನ್ನು ಅದೇ ಆರ್ದ್ರತೆಯಲ್ಲಿ ರಾತ್ರಿಯಿಡೀ ಬಿಟ್ಟು ನಂತರ ತುಂಬಿದೆವು. ಇಷ್ಟರಿಂದಲೇ ಬೆಳಗಿನ ಮೊದಲ ಗಂಟೆಯ ಏರುಪೇರು ಕಣ್ಣಿಗೆ ಕಾಣುವಷ್ಟು ತಗ್ಗಿತು. ಜೆಲಾಟಿನ್ ಕ್ಯಾಪ್ಸೂಲಿನಲ್ಲಿ ಶೇ. 13ರಿಂದ 16ರಷ್ಟು ನೀರಿನಂಶ ಇರುತ್ತದೆ, ಅದು ಪುಡಿಗೂ ದಾಟಬಲ್ಲದು, ಕ್ಯಾಪ್ಸೂಲ್ ಒಣಗಿದರೆ, ಪುಡಿ ಹೊರಬರಲೆಂದು ಉಸಿರೆಳೆಯುವ ಸಾಧನದ ಸೂಜಿ ಚುಚ್ಚುವಾಗ ಸೀಳುತ್ತದೆ. ಸಸ್ಯದ ಸೆಲ್ಯುಲೋಸಿನಿಂದ ಮಾಡಿದ ಎಚ್‌ಪಿಎಂಸಿ ಕ್ಯಾಪ್ಸೂಲಿನಲ್ಲಿ ನೀರಿನಂಶ ತೀರಾ ಕಡಿಮೆ, ಬೆಲೆ ಹೆಚ್ಚು. ಈ ಔಷಧಿಗೆ ಅದೇ ಸರಿಯೆಂದು ನಾನು ವಾದಿಸಿದೆ, ಈಗಲೂ ವಾದಿಸುತ್ತೇನೆ.

ಇನ್ನೊಂದು ಮುಖ್ಯ ಬದಲಾವಣೆ ಮಾದರಿ ತೆಗೆಯುವುದರಲ್ಲಿ. ಹೊರಬರುವ ರಾಶಿಯಿಂದ ಕೈಗೆ ಸಿಕ್ಕ 20 ಕ್ಯಾಪ್ಸೂಲ್ ತೂಗಿದರೆ ಯಾವ ನಳಿಗೆ ಕೆಟ್ಟಿದೆಯೆಂದು ತಿಳಿಯುವುದಿಲ್ಲ. ಒಂದು ಹೆಚ್ಚು ಕೊಡುತ್ತಿದ್ದು ಇನ್ನೊಂದು ಕಡಿಮೆ ಕೊಡುತ್ತಿದ್ದರೆ ಸರಾಸರಿ ಚೊಕ್ಕವಾಗಿಯೇ ಇರುತ್ತದೆ. ಪ್ರತಿ ನಳಿಗೆಯಿಂದ ಕ್ರಮವಾಗಿ ಕ್ಯಾಪ್ಸೂಲ್ ತೆಗೆದು, ಪ್ರತಿಯೊಂದಕ್ಕೂ ಬೇರೆ ಬೇರೆ ನಿಯಂತ್ರಣ ನಕ್ಷೆ (ಮಧ್ಯರೇಖೆ ಹಾಗೂ ಮೇಲಿನ, ಕೆಳಗಿನ ಮಿತಿಗಳ ನಡುವೆ ಪ್ರತಿ ಮಾದರಿಯ ತೂಕವನ್ನು ಬಿಂದುವಾಗಿ ಗುರುತಿಸುವ ನಕ್ಷೆ) ಬರೆಯತೊಡಗಿದೆವು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ಈ ನಕ್ಷೆ ಸಣ್ಣ ಡೋಸಿಗೆ ಇಂದಿಗೂ ಅತ್ಯುತ್ತಮ ಸಾಧನವೆಂದು ನನ್ನ ಅಭಿಪ್ರಾಯ. ನಕ್ಷೆ ಗೋಡೆಗೆ ಬಂದ ಮೇಲೆ, ಬಿಂದುಗಳು ಮಿತಿಯೊಳಗೆ ಸಹಜವಾಗಿ ಏರಿಳಿಯುತ್ತಿರುವವರೆಗೆ ಪಿಸ್ಟನ್ನಿನ ತಿರುಪನ್ನು ಮುಟ್ಟಬಾರದೆಂಬ ನಿಯಮವನ್ನೂ ತಂದೆವು. ಒಂದು ಮಾದರಿ ತುಸು ಕಡಿಮೆ ಬಂದಿತೆಂದು ತಿರುಪು ತಿರುಗಿಸಿ, ಮುಂದಿನದು ಹೆಚ್ಚು ಬಂದಿತೆಂದು ಹಿಂದಕ್ಕೆ ತಿರುಗಿಸುವ ರೂಢಿ ಏರುಪೇರನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಸತತ ಏಳು ಬಿಂದುಗಳು ಮಧ್ಯರೇಖೆಯ ಒಂದೇ ಬದಿಗೆ ಬಿದ್ದರೆ, ಇಲ್ಲವೇ ಒಂದು ಬಿಂದು ಮಿತಿಯಾಚೆ ಹೋದರೆ ಮಾತ್ರ ಯಂತ್ರ ನಿಲ್ಲಿಸಿ, ಮೊದಲು ಕೋಣೆಯ ಆರ್ದ್ರತೆ, ಆಮೇಲೆ ಹಾಪರಿನ ಮಟ್ಟ ಹಾಗೂ ಹಾಸಿನ ಎತ್ತರ, ನಂತರ ನಳಿಗೆಯ ತುದಿ, ಕೊನೆಗೆ ತಿರುಪು ಎಂಬ ಕ್ರಮದಲ್ಲಿ ಪರೀಕ್ಷಿಸುತ್ತೇವೆ. ಒಂದೇ ನಳಿಗೆಯ ನಕ್ಷೆ ಬ್ಯಾಚಿನಿಂದ ಬ್ಯಾಚಿಗೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಅದರ ತುದಿ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಅದನ್ನು ಬಿಚ್ಚಿ, ಭೂತಗನ್ನಡಿಯಲ್ಲಿ ಅಂಚು ನೋಡಿ, ಸವೆದಿದ್ದರೆ ಪಿಸ್ಟನ್ ಸಮೇತ ಜೋಡಿಯಾಗಿಯೇ ಬದಲಾಯಿಸುತ್ತೇವೆ.