ಎಡಗಣ್ಣು, ಬಲಗಣ್ಣು

ಪೊರೆಯ ಆಪರೇಷನ್ ಆದ ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಆಸ್ಪತ್ರೆಯ ಗೋಡೆ. ಈಗಷ್ಟೇ ಸುಣ್ಣ ಬಳಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ‘ರಾತ್ರಿ ಬಣ್ಣ ಹೊಡೆಸಿದ್ರೇನು?’ ಎಂದು ನರ್ಸಮ್ಮನನ್ನು ಕೇಳಿ ನಗೆಪಾಟಲಾದೆ. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ಅದೇ ಗೋಡೆ, ಚಹಾ ಚೆಲ್ಲಿದ ಧೋತರದ ಹಾಗಿತ್ತು.

ಕಲಬುರಗಿಯ ಹೈಸ್ಕೂಲೊಂದರಲ್ಲಿ 31 ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ನಮ್ಮೂರಿನ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳನ್ನು ನೋಡಿ ಬ್ರಷ್ ಹಿಡಿದವನು. ಬಣ್ಣದ ವಿಷಯದಲ್ಲಿ ಮನೆಯಲ್ಲಿ ನನ್ನದೇ ಕೊನೆಯ ಮಾತು. ಅಂಥವನು ಮನೆಗೆ ಬಂದು ಅಂಗಳ ನೋಡಿದರೆ, ಶಹಾಬಾದ್ ಫರ್ಸಿ ಕಲ್ಲು ನೀಲಿ ಬೆರೆತ ಬೂದು! ಐದಾರು ವರ್ಷದಿಂದ ಅದನ್ನು ಮಣ್ಣಿನ ಬಣ್ಣದಲ್ಲಿ ಬಿಡಿಸುತ್ತಿದ್ದೆ. ಹಗ್ಗದ ಮೇಲೆ ಹೆಂಡತಿಯ ಸೀರೆ ಒಣಗುತ್ತಿತ್ತು. ‘ಇದು ಹೊಸಾದೇನು?’ ಎಂದೆ.

‘ಹೊಸಾದೆಲ್ಲಿ ಬಂತ್ರಿ. ನೇರಳಿ ಅದ ನೇರಳಿ ಅದ ಅಂತ ಎಷ್ಟು ಸಲ ಹೇಳೀನಿ. ನೀವೇ ಕರಿ ಅಂತ ಜಗಳಾ ತೆಗೀತಿದ್ರಿ’ ಎಂದಳು.

ಅದೇ ಹೊತ್ತಿಗೆ ಗೆಳೆಯರು ಶ್ರಾವಣದಲ್ಲಿ ನನ್ನದೊಂದು ಪ್ರದರ್ಶನ ಮಾಡಿಸಬೇಕು ಅಂತ ಹಟ ಹಿಡಿದಿದ್ದರು. ವಿಷಯವನ್ನೂ ಅವರೇ ಕೊಟ್ಟಿದ್ದರು: ನನ್ನ ಬದುಕಿನ ಬದಲಾವಣೆ. ಬದಲಾವಣೆ ಅಂದರೆ ನಮ್ಮ ಚಿತ್ರಕಾರರಿಗೆ ಕಂಬಳಿಹುಳು ಮತ್ತು ಚಿಟ್ಟೆ. ಇಲ್ಲಾಂದ್ರೆ ಅರ್ಧ ಕತ್ತಲು, ಅರ್ಧ ಬೆಳಕಿನ ಮುಖ. ನಾನೂ ಅಂಥವು ಬಿಡಿಸಿದ್ದೇನೆ, ಮಾರಿಯೂ ಇದ್ದೇನೆ. ಈ ಸಲ ಮನಸ್ಸಾಗಲಿಲ್ಲ. ಒಂದೇ ವಸ್ತುವನ್ನು ಎಡಗಣ್ಣಿನಿಂದ ಒಂದು, ಬಲಗಣ್ಣಿನಿಂದ ಒಂದು ಬಿಡಿಸಿ ಪಕ್ಕಪಕ್ಕ ತೂಗುಹಾಕೋಣ ಅನಿಸಿತು. ಎಡಗಣ್ಣಿನ ಆಪರೇಷನ್ ತುರ್ತಿಲ್ಲ ಅಂತ ಡಾಕ್ಟರು ಹೇಳಿದ್ದರು. ಮೂರು ತಿಂಗಳು ಟೈಮ್ ಕೇಳಿಕೊಂಡೆ.

ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು, ಬರೀ ಮಸುಕಲ್ಲ. ಕಣ್ಣೊಳಗಿನ ಮಸೂರ ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ, ಕಂದಾಗುತ್ತದೆ. ನೀಲಿ, ನೇರಳೆ ಬೆಳಕನ್ನು ಜಾಸ್ತಿ ತಡೆಯುತ್ತದೆ. ಎಷ್ಟು ನಿಧಾನವೆಂದರೆ ಕಣ್ಣಿನ ಒಡೆಯನಿಗೇ ಸುದ್ದಿ ಇರುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಗೂ ಇದೇ ಆಗಿತ್ತು. 1912ರಲ್ಲಿ ಪೊರೆ ಇದೆ ಅಂತ ಗೊತ್ತಾದರೂ ಆತ 1923ರವರೆಗೆ ತಳ್ಳಿಕೊಂಡು ಬಂದ. ಆಗ ಕೊಯ್ಯಿಸಿಕೊಂಡದ್ದು ಬಲಗಣ್ಣು ಮಾತ್ರ, ಎಡಗಣ್ಣಿಗೆ ಒಪ್ಪಲೇ ಇಲ್ಲ. ಆ ಕಾಲದಲ್ಲಿ ಒಳಗೆ ಲೆನ್ಸ್ ಕೂಡಿಸುತ್ತಿರಲಿಲ್ಲ, ದಪ್ಪ ಕನ್ನಡಕವೇ ಗತಿ. ನನ್ನದು ಇಪ್ಪತ್ತು ನಿಮಿಷದ ಕೆಲಸ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸರಿಯಾದ ತಕರಾರು ಎತ್ತಿದ. ‘ಸರ್, ಹಳದಿ ಕಣ್ಣಿಗೆ ಕಲ್ಲೂ ಹಳದಿ, ಕಲಸಿದ ಬಣ್ಣಾನೂ ಹಳದಿ. ಎರಡೂ ಸೇರಿ ಲೆಕ್ಕ ಸರಿ ಹೋಗಬೇಕಲ್ಲ?’ ಅರ್ಧ ನಿಜ. ಆದರೆ ಪ್ರಷ್ಯನ್ ಬ್ಲೂ ಮತ್ತು ಕಪ್ಪಿನ ನಡುವಿನ ಫರಕೇ ಕಾಣದ ಕಣ್ಣಿಗೆ ಯಾವುದನ್ನು ಹಾಕಿದರೂ ಸರಿಯೇ ಅಲ್ವಾ? ತಪ್ಪು ಅಲ್ಲೇ ನುಸುಳುತ್ತದೆ. ಇನ್ನೊಂದು ಪೇಚು: ಆಕಾಶ ಎಷ್ಟು ನೀಲಿ ಅಂತ ನೆನಪಿಗೆ ಗೊತ್ತು. ಕಣ್ಣಿಗೆ ಅಷ್ಟು ಕಾಣದಿದ್ದಾಗ ಕೈ ತಾನಾಗಿಯೇ ನೀಲಿ ಸುರಿಯುತ್ತದೆ. ನನ್ನ ಹಳೆಯ ಕೆಲವು ಆಕಾಶಗಳು ಈಗ ನೋಡಿದರೆ ಶಾಯಿ ಚೆಲ್ಲಿದ ಹಾಗಿವೆ.

ಕಣ್ಣಿಗೆ ಡ್ರಾಪ್ಸ್ ಹಾಕುವ ತಿಂಗಳು ಮುಗಿಯುವವರೆಗೂ ಬ್ರಷ್ ಮುಟ್ಟಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಏಳರಿಂದ ಒಂಬತ್ತು, ಅದೇ ಕಿಟಕಿಯ ಬೆಳಕು. ಒಂದು ದಿನ ಎಡಗಣ್ಣು, ಮರುದಿನ ಬಲಗಣ್ಣು. ಎರಡು ಬೇರೆ ಪ್ಯಾಲೆಟ್. ಇನ್ನೊಂದು ಕಣ್ಣಿಗೆ ಕಪ್ಪು ಬಟ್ಟೆ. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಬ್ರಷ್ ನಾನಂದುಕೊಂಡದ್ದಕ್ಕಿಂತ ಮೊದಲೇ ಕ್ಯಾನ್ವಾಸಿಗೆ ತಾಗಿ ಚುಕ್ಕೆ ಇಡುತ್ತಿತ್ತು. ಕೈ ಊರಲು ಒಂದು ಕೋಲು ಕಟ್ಟಿಕೊಂಡೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ಕಲಸುವಷ್ಟರಲ್ಲೇ ಒಣಗುತ್ತದೆ, ಪ್ಯಾಲೆಟ್ ಕೆಳಗೆ ಒದ್ದೆ ಬಟ್ಟೆ ಹಾಸುತ್ತಿದ್ದೆ.

ಕಷ್ಟ ಬಂದದ್ದು ಟ್ಯೂಬಿನ ಹೆಸರಿನಿಂದ. ಕಣ್ಣಿಗೆ ಕಾಣದ ನೀಲಿಯನ್ನು ಲೇಬಲ್ ಓದಿ ಹಾಕಿದರೆ ಅದು ಎಡಗಣ್ಣಿನ ಚಿತ್ರ ಹೇಗಾದೀತು? ಮೊಮ್ಮಗಳು ಎಲ್ಲ ಟ್ಯೂಬಿಗೂ ಪೇಪರ್ ಸುತ್ತಿ ಕಲೆಸಿ ಇಟ್ಟಳು. ಮೂಲೆಯಲ್ಲಿ ಕುಳಿತು ಕಾವಲು ಬೇರೆ. ಒಮ್ಮೆ ಬಟ್ಟೆ ಸರಿಸಿ ಇಣುಕಿದೆ. ‘ಮುತ್ಯಾ, ಕಳ್ಳಾಟ ಮಾಡಬ್ಯಾಡ!’ ಎಂದು ಚೀರಿದಳು. ಆ ದಿನ ಎಡಗಣ್ಣು ಕಪ್ಪು ಅಂತ ತೆಗೆದುಕೊಂಡದ್ದು ಅಲ್ಟ್ರಾಮರೀನ್ ಆಗಿತ್ತು. ಸೀರೆಯ ಎಡಗಣ್ಣಿನ ಚಿತ್ರದಲ್ಲಿ ನೆರಳಿನ ಜಾಗ ಕಡುನೀಲಿ ಇದೆ. ತಿದ್ದಲಿಲ್ಲ.

ಹೀಗೆ 12 ಜೋಡಿ ಆದವು. ಫರ್ಸಿ, ಸೀರೆ, ತಾಮ್ರದ ಕೊಡ, ಕೋಟೆಯ ಗೋಡೆ, ಬುಟ್ಟಿಯಲ್ಲಿ ಜೋಳದ ರೊಟ್ಟಿ. ರೊಟ್ಟಿಯದು ನನಗೆ ಇಷ್ಟ. ಎಡಗಣ್ಣಿಗೆ ಅದು ಗೋಧಿ ಚಪಾತಿಯ ಬಣ್ಣ.

ಪ್ರದರ್ಶನದ ಹಿಂದಿನ ಸಂಜೆ ಹಾಲ್‌ನಲ್ಲಿ ಎಲ್ಲ ತೂಗುಹಾಕಿ ಲೈಟ್ ಹಾಕಿದೆವು. ಎದೆ ಧಸಕ್ ಅಂತು. ಜೋಡಿಗಳು ಹೆಚ್ಚುಕಡಿಮೆ ಒಂದೇ ತರ ಕಾಣುತ್ತಿದ್ದವು! ಮೇಲೆ ಹಳದಿ ಲೈಟುಗಳು. ಹಾಲ್‌ಗೇ ಮೋತಿಬಿಂದು ಬಂದಿತ್ತು. ಹಾಲ್‌ನವರು ‘ಈ ಲೈಟ್ ಶೋಭಾ ಕಾಣ್ತದ್ರೀ’ ಅಂದರು, ಬದಲಿಸಲು ಒಪ್ಪಲಿಲ್ಲ. ನಾವೇ ಸೂಪರ್ ಮಾರ್ಕೆಟ್‌ಗೆ ಓಡಿ ಡಬ್ಬಿಯ ಮೇಲೆ 6500 ಕೆ ಅಂತ ಬರೆದಿದ್ದ ಬಿಳಿ ಎಲ್ಇಡಿ ಟ್ಯೂಬ್ ತಂದೆವು. ಕಟ್ಟಿ ಮುಗಿಸುವಾಗ ರಾತ್ರಿ ಹನ್ನೊಂದೂವರೆ. ಬಣ್ಣದ ಪ್ರದರ್ಶನ ಮಾಡುವವರು ಹಾಲ್ ಬುಕ್ ಮಾಡುವ ಮೊದಲೇ ಲೈಟ್ ಹಾಕಿಸಿ ನೋಡಿ.

ಜನ ಬಂದರು. ಯಾರೂ ಹೇಳಿಕೊಡದೆ ಒಂದೊಂದೇ ಕಣ್ಣು ಮುಚ್ಚಿ ನೋಡತೊಡಗಿದರು. ಎರಡನೇ ದಿನ ದಾಲ್ ಮಿಲ್ಲಿನಲ್ಲಿ ದುಡಿದಿದ್ದ ಹಿರಿಯರೊಬ್ಬರು ಮಗಳ ಜೊತೆ ಬಂದಿದ್ದರು. ಸೀರೆಯ ಮುಂದೆ ಬಹಳ ಹೊತ್ತು ನಿಂತರು.

‘ಮಾಸ್ತರ್ರ, ಎರಡೂ ಒಂದೇ ಅವಲ್ರೀ? ಎರಡ್ಯಾಕ ತೆಗದೀರಿ?’

ಮಗಳು ನನ್ನ ಮುಖ ನೋಡಿದಳು. ನಾನು ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಚಹಾ ತರಿಸಿ, ನನ್ನ ಗೋಡೆಯ ಕಥೆ ಹೇಳಿದೆ. ಆಪರೇಷನ್ ಮಾಡಿದ ಡಾಕ್ಟರ ಹೆಸರನ್ನು ಆಮಂತ್ರಣದ ಹಿಂದೆ ಬರೆದುಕೊಟ್ಟೆ.

ಹದಿಮೂರನೆಯದೂ ಒಂದಿತ್ತು, ನಮ್ಮೂರಿನ ಅಪ್ಪನ ಕೆರೆಯ ಸಂಜೆ. ಬಲಗಣ್ಣಿನದು ಮುಗಿದಿತ್ತು, ಎಡಗಣ್ಣಿನದು ಅರ್ಧ ಆಗಿತ್ತು. ಅಷ್ಟರಲ್ಲಿ ಎರಡನೇ ಆಪರೇಷನ್ ದಿನ ಬಂತು. ಆಮೇಲೆ ಕನ್ನಡಕಕ್ಕೆ ಹಳದಿ ಬೇಗಡೆ ಹಚ್ಚಿ ಮುಗಿಸಲು ನೋಡಿದೆ. ಬಣ್ಣ ಹತ್ತಿರ ಬಂತು, ಆದರೆ ಆ ಮಂಜು ಬರಲಿಲ್ಲ. ನೀರಿನ ಭಾಗ ಹಾಗೇ ಬಿಳಿ ಉಳಿದಿದೆ. ಅಲ್ಮಾರಿಯ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ.