ಗೋಧಿ ಬಿಟ್ಟರೂ ಹೊಟ್ಟೆ ಉಬ್ಬರ ಹೋಗಲಿಲ್ವಾ?

ಸೀಲಿಯಾಕ್ ಅಂದರೆ ಗೋಧಿಯಂಥದ್ದು ತಿಂದರೆ ಕರುಳು ಹಾಳಾಗುವ ಕಾಯಿಲೆ. ಅದು ಇರುವವರಿಗೆ ದಾವಣಗೆರೆಯಲ್ಲಿ ಗೋಧಿ ಬಿಡೋದು ಅಷ್ಟು ಕಷ್ಟವಲ್ಲ, ಜೋಳದ ರೊಟ್ಟಿ ಇದೆ, ಮಂಡಕ್ಕಿ ಇದೆ. ಆದರೂ ಹೊಟ್ಟೆ ಉಬ್ಬರಿಸಿದರೆ ಮೊದಲು ಇಂಗಿನ ಡಬ್ಬಿ ತಿರುಗಿಸಿ ಓದಿ. ಪುಡಿ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಸುರಿದರೂ ಅದೇ ಕಥೆ.

ಅದೂ ಅಲ್ವಾ? ಹಾಲನ್ನು ನೋಡಿ. ಸೀಲಿಯಾಕ್‌ನಿಂದ ಕರುಳಿನ ಒಳಪದರ ಹಾಳಾದಾಗ ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಸರಿಯಾಗಿ ಅರಗದೆ ಇರಬಹುದು, ಕರುಳು ವಾಸಿಯಾದಂತೆ ಬಹಳ ಜನರಿಗೆ ಇದು ಸರಿಹೋಗುತ್ತದೆ. 2 ವಾರ ಹಾಲು, ಹಾಲಿನ ಚಹಾ ನಿಲ್ಲಿಸಿ. ಬೆಣ್ಣೆಯಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ಬೆಣ್ಣೆ ದೋಸೆಯನ್ನು ಸುಮ್ನೆ ದೂರಬೇಡಿ. ತಿಂದದ್ದು, ಹೊತ್ತು, ನೋವು ಎಲ್ಲ ಬರೆದಿಡಿ. ಆಮೇಲೆ ಅರ್ಧ ಲೋಟ ಹಾಲು ಕುಡಿದು 3 ದಿನ ಗಮನಿಸಿ. ಈರುಳ್ಳಿ, ಕಡಲೆಹಿಟ್ಟಿಗೂ ಹೀಗೇ, ಒಂದೊಂದಾಗಿ. ತೂಕ ಇಳೀತಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ.