38ರ ಪೈಪು ಸುಕ್ಕಿಲ್ಲದೆ ಬಗ್ಗಿತು: ನನ್ನ ಅನುಭವ

ಗಾಡಿಯ ಫ್ರೇಮ್ ಎದ್ದು ನಿಂತಿದೆ. ಹೊರ ಅಳತೆ 38 ಎಂಎಂ ಇರುವ ಪೈಪು, 2.6 ಎಂಎಂ ದಪ್ಪ. ಎಲ್ಲಾ ಬೆಂಡುಗಳನ್ನೂ ಬೆಂಕಿ ಮುಟ್ಟಿಸದೆ ತಣ್ಣಗೇ ಬಗ್ಗಿಸಿದ್ದು. ಎಲ್ಲೂ ಸುಕ್ಕಿಲ್ಲ, ನೆಗ್ಗಿಲ್ಲ. ಇದು ಶಿರಸಿಯಲ್ಲಿ ಆಗುವ ಕೆಲಸವಲ್ಲ, ಹುಬ್ಬಳ್ಳಿಗೆ ಒಯ್ಯಿರಿ ಎಂದವರೇ ಈಗ ವರ್ನಿಯರ್ ಅಳತೆಗೋಲು ಹಿಡಿದುಕೊಂಡು ಬಂದು ಅಳೆದು ಹೋಗುತ್ತಿದ್ದಾರೆ. ಧಾರಾಳವಾಗಿ ಅಳೆಯಲಿ. 90 ಡಿಗ್ರಿ ಬೆಂಡಿನ ನಟ್ಟನಡುವೆ ಹಿಡಿದರೂ 36ರ ಮೇಲೇ ತೋರಿಸುತ್ತದೆ.

ಗಾಡಿ ಏನು ಅಂತ ಎರಡು ಮಾತು. ಗುಜರಿಯಲ್ಲಿ ಸಿಕ್ಕಿದ ಮಾರುತಿ 800ರ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಂದಕ್ಕೆ ಕೂರಿಸಿದ್ದೇನೆ. ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ಎಲೆ) ಇಳಿಸಬೇಕು, ತೋಟಕ್ಕೆ ಗೊಬ್ಬರ ಒಯ್ಯಬೇಕು. ನಮ್ಮ ಬೆಟ್ಟದ ದಾರಿ ಜೀಪಿಗೂ ಬೇಡ ಅನ್ನಿಸುವಂಥದ್ದು. ಡಾಂಬರು ರಸ್ತೆಗೆ ಇಂಥ ಗಾಡಿ ಇಳಿಸುವ ಹಾಗಿಲ್ಲ, ಇಳಿಸುವ ಆಸೆಯೂ ನನಗಿಲ್ಲ. ಎಂಜಿನಿಯರಿಂಗ್ ಹುಡುಗರು ಬಾಹಾ ಎಂಬ ಕಚ್ಚಾದಾರಿ ಗಾಡಿಗಳ ಸ್ಪರ್ಧೆಗೆ ಕಟ್ಟುವ ಗಾಡಿಗೆ 25 ಎಂಎಂ ಹೊರ ಅಳತೆ, 3 ಎಂಎಂ ದಪ್ಪದ ಪೈಪು ಹಾಕುತ್ತಾರೆ. ಅದು ಒಬ್ಬರೇ ಕೂರುವ ಹಗುರ ಗಾಡಿ. ನನ್ನದರಲ್ಲಿ ಇಬ್ಬರು ಕೂರಬೇಕು, ಹಿಂದೆ ಹೊರೆಯೂ ಇರುತ್ತದೆ. ಹಾಗಾಗಿ 38ಕ್ಕೆ ಹೋದೆ.

ಮೊದಲು ಸಿಕ್ಕ ಸಲಹೆ ಕಟ್ ಮಾಡಿ ವೆಲ್ಡ್ ಹೊಡೆಯುವುದು. ಪೈಪಿಗೆ ವಿ ಆಕಾರದಲ್ಲಿ ಕೊಯ್ದು, ಮಡಚಿ, ಬೆಸೆದು, ಗ್ರೈಂಡರ್ ಆಡಿಸಿದರೆ ನೋಡಲು ಚೆಂದವೇ. ಗ್ಯಾರೇಜಿನ ಹಿರಿಯರೊಬ್ಬರು, "ಹೆಗಡೇರೇ, ಇಷ್ಟು ದಪ್ಪದ ಪೈಪು ಜ್ಯಾಕಿಗೆಲ್ಲ ಬಗ್ಗೂದಿಲ್ಲ, ಸುಮ್ನೆ ದುಡ್ಡು ಹಾಳು" ಎಂದರು. ಗೇಟಿಗೆ, ಗ್ರಿಲ್ಲಿಗೆ ಈ ಕೊಯ್ದು ಬೆಸೆಯುವುದು ಸಾಕು. ತಲೆ ಮೇಲಿನ ಹೂಪಿಗೆ, ಅಂದರೆ ಕಮಾನಿಗೆ, ಸಾಲದು. ಗಾಡಿ ಮಗುಚಿದಾಗ ಹೊಡೆತ ಬೀಳುವುದೇ ಆ ಮೂಲೆಗೆ. ಅಲ್ಲೇ ಬೆಸುಗೆ ಇದ್ದರೆ ಬಿರಿಯುವುದೂ ಅಲ್ಲೇ.

ಆಮೇಲೆ ಪ್ಲಂಬರುಗಳ ಹೈಡ್ರಾಲಿಕ್ ಬೆಂಡರ್. ಬಾಡಿಗೆಗೆ ತಂದೆ. ದಿನಕ್ಕೆ 400 ಕೊಟ್ಟ ನೆನಪು. ಅದರ ಅಚ್ಚುಗಳೆಲ್ಲ ನೀರಿನ ಪೈಪಿನ ಲೆಕ್ಕದವು. 1 ಇಂಚಿನ ನೀರಿನ ಪೈಪಿನ ಹೊರ ಅಳತೆ 33.7 ಎಂಎಂ, ಒಂದೂಕಾಲು ಇಂಚಿನದು 42.4. ನಮ್ಮ 38 ಒಂದರಲ್ಲಿ ಕೂರುವುದಿಲ್ಲ, ಇನ್ನೊಂದರಲ್ಲಿ ಅಲ್ಲಾಡುತ್ತದೆ. ಅಲ್ಲಾಡುವ ಅಚ್ಚಿನಲ್ಲಿ ಒತ್ತಿದರೆ ಒದ್ದೆ ಹಾಳೆ ಮಡಚಿದ ಹಾಗೆ ಪೈಪು ಚಪ್ಪಟೆಯಾಗಿ ಕೂರುತ್ತದೆ. ಹಾಗಾದರೆ ಒಂದೂಕಾಲು ಇಂಚಿನ ನೀರಿನ ಪೈಪಿನಲ್ಲೇ ಫ್ರೇಮ್ ಕಟ್ಟಬಹುದಲ್ವಾ ಅಂತ ಕೇಳಿದವರಿದ್ದಾರೆ. ಅದು ಮೀಟರಿಗೆ 3 ಕೆಜಿ ಮೇಲೆ ತೂಗುತ್ತದೆ, ನನ್ನದು 2 ಕಾಲು. ಫ್ರೇಮಿನ 30 ಮೀಟರಿಗೆ ಎಷ್ಟಾಯಿತು ನೋಡಿ. ಮೇಲಿಂದ ಜಿಐ (ಸತು ಲೇಪಿಸಿದ್ದು) ಆದರೆ ವೆಲ್ಡ್ ಮಾಡುವಾಗ ಸತುವಿನ ಹೊಗೆ ಬೇರೆ.

ಮೂರನೆಯದು ಮರಳು ತುಂಬಿ ಕಾಯಿಸುವುದು. ಇದರ ಮೇಲೆ ನನಗೆ ಬಹಳ ಆಸೆ ಇತ್ತು. ಹೊಳೆ ಮರಳು ಜಾಲಿಸಿ, ಬಾಣಲೆಯಲ್ಲಿ ಹುರಿದು ಒಣಗಿಸಿ, ಪೈಪಿಗೆ ಸುತ್ತಿಗೆಯಿಂದ ತಟ್ಟುತ್ತಾ ತುಂಬಿದೆವು. ಎರಡೂ ತುದಿಗೆ ಮರದ ಬಿರಡೆ. ಮರಳು ಚೂರು ಹಸಿ ಇದ್ದರೂ ಒಳಗೆ ಉಗಿಯಾಗಿ ಬಿರಡೆ ಸಿಡಿಯುತ್ತದೆ, ಅದಕ್ಕೇ ಬಿರಡೆಗೊಂದು ಸಣ್ಣ ತೂತು. ಆಚಾರಿಯವರ ಕುಲುಮೆಯಲ್ಲಿ ಕೆಂಪಾಗುವವರೆಗೆ ಕಾಯಿಸಿ ಬಗ್ಗಿಸಿದರೆ ಬೆಂಡ್ ನಿಜಕ್ಕೂ ಸುಂದರ. ತೊಂದರೆ ಏನೆಂದರೆ, ಅದೇ ಬೆಂಡ್ ಇನ್ನೊಂದು ಬರುವುದಿಲ್ಲ. ಕೆಂಪಾದ ಭಾಗ ಒಮ್ಮೆ ಒಂದು ಗೇಣು, ಇನ್ನೊಮ್ಮೆ ಗೇಣಿನ ಮೇಲೆ ನಾಲ್ಕು ಬೆರಳು. ಎಡ ಮತ್ತು ಬಲ ಒಂದರ ಮೇಲೊಂದು ಇಟ್ಟರೆ ಹೆಬ್ಬೆರಳಿನಷ್ಟು ವ್ಯತ್ಯಾಸ. ಹೆಚ್ಚು ಕಾದಲ್ಲಿ ಹೊರಬದಿ ತೆಳ್ಳಗಾಗುವುದು ಬೇರೆ. ಕಾರವಾರದ ಗೆಳೆಯರೊಬ್ಬರು ಕಡಲ ಮರಳನ್ನೇ ತುಂಬಿ ಮಾಡಿದ್ದರು. ಉಪ್ಪು ಒಳಗೇ ಉಳಿದು ಮರುವರ್ಷಕ್ಕೆ ಒಳಗಿಂದಲೇ ತುಕ್ಕು. ಆ ಕಡೆಯವರು ದಯವಿಟ್ಟು ಹೊಳೆ ಮರಳೇ ಬಳಸಿ.

ಇಷ್ಟರಲ್ಲಿ ಪೈಪಿಗೇ 7–8 ಸಾವಿರ ಹೋಗಿತ್ತು. ಹುಬ್ಬಳ್ಳಿಯ ಒಂದು ಕಡೆ ಕೇಳಿದೆ. ಬೆಂಡಿಗೆ 250, ಅದೂ ಅವರಲ್ಲಿದ್ದ ಅಚ್ಚಿನ ತ್ರಿಜ್ಯಕ್ಕೇ. ಒಯ್ದು ತರುವ ಖರ್ಚು ನಮ್ಮದು, ಸರಿ ಬರದಿದ್ದರೆ ಮತ್ತೆ ನೂರು ಕಿಲೋಮೀಟರ್. ಹೊಸ ಮೆಷಿನ್ ಲಕ್ಷದ ಮೇಲೆ. ಹಾಗಾಗಿ ಬಗ್ಗಿಸುವ ಮೆಷಿನ್ನನ್ನು ನಾನೇ ಕಟ್ಟಿದೆ.

ಬೆಂಡಿಂಗ್ ಅಂದಕೂಡಲೇ ಎಲ್ಲರೂ ಬಲದ ಮಾತಾಡುತ್ತಾರೆ. 20 ಟನ್ ಬೇಕು, 30 ಟನ್ ಬೇಕು ಅಂತ. ಒಂದು ಅಡಿ ಉದ್ದದ ತೋಳು ಇದ್ದರೆ ಈ ಪೈಪಿಗೆ 8 ಟನ್ ಜ್ಯಾಕಿನ ಕಾಲು ಭಾಗವೂ ಬೇಡ. ಬೇಕಾದದ್ದು ಬಿಗಿ. ಪೈಪು ಚಪ್ಪಟೆ ಆಗಬೇಕಾದರೆ ಅದು ಅಕ್ಕಪಕ್ಕಕ್ಕೆ ಉಬ್ಬಲೇಬೇಕು. ಉಬ್ಬಲು ಜಾಗವೇ ಇಲ್ಲದಿದ್ದರೆ ಚಪ್ಪಟೆ ಹೇಗಾದೀತು? ಆದ್ದರಿಂದ ಡೈಯ, ಅಂದರೆ ಪೈಪು ಸುತ್ತಿಕೊಳ್ಳುವ ದುಂಡು ಅಚ್ಚಿನ, ಕಾಲುವೆ ಪೈಪಿನ ಮೈಗೆ ಅಂಟಿದಂತಿರಬೇಕು. ನನ್ನ ಡೈಯ ಕಾಲುವೆ ಪೈಪಿಗಿಂತ 0.2 ಎಂಎಂ ಮಾತ್ರ ಅಗಲ. ಆಳ ಅರ್ಧ ವ್ಯಾಸಕ್ಕಿಂತ ತುಸು ಜಾಸ್ತಿ. ಲೇತಿನವರು ಒಂದು ಎಂಎಂ ಲೂಸ್ ಇಡೋಣ, ಇಲ್ಲದಿದ್ದರೆ ಪೈಪು ಹೊರಗೆ ಬರುವುದಿಲ್ಲ ಎಂದರು. ಬಿಲ್ಕುಲ್ ಬೇಡ ಎಂದೆ. ಬೆಂಡ್ ಆದ ಮೇಲೆ ಪೈಪು ಸಿಕ್ಕಿಕೊಳ್ಳುವುದು ನಿಜ. ಮರದ ಸುತ್ತಿಗೆಯಲ್ಲಿ ಎರಡೇಟು ಕೊಟ್ಟರೆ ಬರುತ್ತದೆ. ಇನ್ನೊಂದು ಮಾತು: ಪೈಪು ಕೊಳ್ಳುವ ಮೊದಲು ಡೈ ಮಾಡಿಸಬೇಡಿ. ಒಂದೊಂದು ಲಾಟಿನ ಅಳತೆ ಒಂದೊಂದು ರೀತಿ. ಪೈಪಿನ ತುಂಡನ್ನೇ ಲೇತಿನವರ ಕೈಗೆ ಕೊಡಿ.

ಬೆಂಡಿನ ತ್ರಿಜ್ಯ ಪೈಪಿನ ನಡುಗೆರೆಗೆ 115 ಎಂಎಂ, ಅಂದರೆ ಪೈಪಿನ ಹೊರ ಅಳತೆಯ ಮೂರು ಪಟ್ಟು. ಇದಕ್ಕಿಂತ ಕಿರಿದು ಮಾಡಲು ಹೋಗಬೇಡಿ. ಜ್ಯಾಕ್ ತಳ್ಳಿದಂತೆ ಡೈ ತಿರುಗುತ್ತದೆ, ಪೈಪಿನ ತುದಿ ಡೈಗೆ ಕಚ್ಚಿಕೊಂಡಿರುತ್ತದೆ, ಎದುರಿಗೆ ಫಾಲೋವರ್ (ಪೈಪನ್ನು ಡೈಗೆ ಒತ್ತಿ ಹಿಡಿಯುವ ತುಂಡು) ಕದಲದೆ ಕೂರುತ್ತದೆ. ಪೈಪು ಅದರ ಮೇಲೆ ಜಾರಿಕೊಂಡು ಬರುತ್ತದೆ. ಎಂಎಸ್ (ಮೈಲ್ಡ್ ಸ್ಟೀಲ್) ಫಾಲೋವರ್ ಪೈಪಿನ ಮೈ ಕೆರೆಯಿತು. ನೈಲಾನ್ ನಾಲ್ಕೈದು ಬೆಂಡಿಗೇ ಜಜ್ಜಿಹೋಯಿತು. ಕೊನೆಗೆ ತದಡಿ ಕಡೆಯಿಂದ ಗುಜರಿಗೆ ಬಂದ ಬೋಟಿನ, ಕಂಚಿನ ಜಾತಿಯ ಗನ್‌ಮೆಟಲ್ ತುಂಡು ಸಿಕ್ಕಿತು, ಕೆಜಿಗೆ 500ರ ಆಸುಪಾಸು. ಅದು ಇವತ್ತಿಗೂ ಹೊಸದರಂತೆ ಇದೆ.

ಜಾರಲು ಏನು ಹಚ್ಚುವುದು ಎಂಬುದೇ ಒಂದು ಸಂಶೋಧನೆಯಾಯಿತು. ಗ್ರೀಸ್ ಒತ್ತಡಕ್ಕೆ ಹೊರಗೆ ಹರಿದುಬಿಡುತ್ತದೆ. ಹರಳೆಣ್ಣೆ ಪರವಾಗಿಲ್ಲ. ಮನೆಯಲ್ಲಿದ್ದ ಮುರುಗಲು ತುಪ್ಪ ಹಚ್ಚಿ ನೋಡಿದೆ. ನಂಬಿ, ಎಲ್ಲಕ್ಕಿಂತ ಚೆನ್ನಾಗಿ ನಿಂತಿದ್ದು ಅದೇ! ಆದರೆ ಆ ಬೆಲೆಗೆ ಪೈಪಿಗೆ ಹಚ್ಚಲು ಮನಸ್ಸು ಬರುವುದಿಲ್ಲ, ಮನೆಯವರೂ ಬಿಡುವುದಿಲ್ಲ. ಈಗ ಬಳಸುವುದು ನನ್ನದೇ ಒಂದು ಮಿಶ್ರಣ, ಅದನ್ನು ಇಲ್ಲಿ ಹೇಳುವುದಿಲ್ಲ. ಫಾಲೋವರನ್ನು ಬೆಂಡ್ ಶುರುವಾಗುವ ಗೆರೆಗಿಂತ ಎಷ್ಟು ಮುಂದೆ ಕೂರಿಸುವುದು ಎಂಬುದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನೀವೇ ಹುಡುಕಿ, ಸಿಗುತ್ತದೆ. ಎಣ್ಣೆಯಾಗಲಿ ತುಪ್ಪವಾಗಲಿ ಡೈಯ ಕಡೆ ಮಾತ್ರ ತಾಗಿಸಬೇಡಿ, ಹಿಡಿತ ಜಾರುತ್ತದೆ.

ಬಾಟಲ್ ಜ್ಯಾಕ್ ಮಲಗಿಸಿದರೆ ಎತ್ತುವುದಿಲ್ಲ ಎಂಬ ಮಾತೂ ಕೇಳಿಬಂತು. ಪಂಪಿನ ಬದಿ ಕೆಳಗೆ ಬರುವಂತೆ ಮಲಗಿಸಿ, ಎತ್ತುತ್ತದೆ. ಎಣ್ಣೆ ತಳದಲ್ಲಿ ನಿಲ್ಲುತ್ತದೆ, ಪಂಪು ಅಲ್ಲಿಂದಲೇ ಎಳೆಯುತ್ತದೆ. ಜ್ಯಾಕ್ ಒಮ್ಮೆ ಪೂರ್ತಿ ಚಾಚಿದರೆ 25–28 ಡಿಗ್ರಿ. ಆಮೇಲೆ ಪಿನ್ ಮುಂದಿನ ತೂತಿಗೆ. 90ಕ್ಕೆ ನಾಲ್ಕು ಸಲ. ಬಿಟ್ಟಾಗ ಪೈಪು ಮೂರು ಮೂರೂವರೆ ಡಿಗ್ರಿ ಹಿಂದೆ ಬರುತ್ತದೆ, ಅಷ್ಟು ಮುಂದೆ ಹೋಗಿ ನಿಲ್ಲಿಸಬೇಕು. 45ಕ್ಕೆ ಎರಡು ಡಿಗ್ರಿ ಸಾಕು. ಹೊಸ ಲಾಟ್ ಬಂದರೆ ಒಂದು ತುಂಡು ಬಗ್ಗಿಸಿ ನೋಡಿಯೇ ಮುಂದುವರಿಯಿರಿ. 90ರ ಬೆಂಡು 180 ಎಂಎಂ ಪೈಪು ತಿನ್ನುತ್ತದೆ, ಕತ್ತರಿಸುವಾಗ ಇದು ಲೆಕ್ಕದಲ್ಲಿರಲಿ.

ಇಆರ್‌ಡಬ್ಲ್ಯೂ ಪೈಪು ಅಂದರೆ ತಗಡು ಸುತ್ತಿ ಬೆಸೆದದ್ದು. ಅದರ ಹೊಲಿಗೆ ಗೆರೆ ಬೆಂಡಿನ ಹೊರಗೂ ಬೇಡ, ಒಳಗೂ ಬೇಡ, ಪಕ್ಕಕ್ಕೆ ಬರಲಿ. ಅಲ್ಲಿ ಎಳೆತವೂ ಇಲ್ಲ, ಒತ್ತವೂ ಇಲ್ಲ. ಇನ್ನೊಂದು ಲಾಭವಿದೆ. ಆ ಗೆರೆಯೇ ನೇರ ರೇಖೆಯಾಗಿ ಸಿಗುವುದರಿಂದ ಒಂದೇ ಪೈಪಿನ ಎರಡು ಬೆಂಡು ತಿರುಚದೆ ಒಂದೇ ಸಮತಲದಲ್ಲಿ ಬರುತ್ತವೆ. ಎರಡು ದಿಕ್ಕಿಗೆ ಬಗ್ಗಬೇಕಾದ ಪೈಪಿಗೆ ಮಾತ್ರ ಹೊಲಿಗೆಯೇ ಇಲ್ಲದ ಸೀಮ್‌ಲೆಸ್ ತಂದೆ, ಬೆಲೆ ಹತ್ತಿರಹತ್ತಿರ ಎರಡು ಪಟ್ಟು. ಅಳತೆಗೆ ಕಾಗದ ಬಳಸಲಿಲ್ಲ. ಅಡಿಕೆ ಒಣಗಿಸುವ ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಫ್ರೇಮನ್ನು ನಿಜ ಅಳತೆಗೇ ಬರೆದೆ. ಬಗ್ಗಿಸಿದ ಪೈಪನ್ನು ಗೆರೆಯ ಮೇಲೆ ಮಲಗಿಸಿದರೆ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ.

ನಡುವೆ 1.6 ಎಂಎಂ ದಪ್ಪದ್ದನ್ನೂ ಹಾಕಿ ನೋಡಿದೆ. ಒಳಬದಿಗೆ ಸುಕ್ಕು ಬಂತು. ಅದಕ್ಕೇ ಮರಳು ತುಂಬಿ, ಕಾಯಿಸದೆ ಇದೇ ಮೆಷಿನ್ನಿಗೆ ಕೊಟ್ಟೆ. ಸುಕ್ಕು ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸೀಟಿನ ಚೌಕಟ್ಟಿಗೆ ಅದೇ ಹಾಕಿದ್ದೇನೆ.

ಖರ್ಚು ಹೀಗೆ. ಡೈ ಮತ್ತು ಲೇತಿನ ಮಜೂರಿ 6 ಸಾವಿರ, 20 ಎಂಎಂ ಪ್ಲೇಟು ಮತ್ತು ಕೊಯ್ಸಿದ್ದು 5 ಸಾವಿರದ ಹತ್ತಿರ, ಇಎನ್8 ಉಕ್ಕಿನ ಪಿನ್ನುಗಳು, ಜ್ಯಾಕು, ಗನ್‌ಮೆಟಲ್ ಎಲ್ಲಾ ಸೇರಿ 18–19 ಸಾವಿರ. ಫ್ರೇಮಿಗೆ ಹೋದದ್ದು 70 ಕೆಜಿ ಚಿಲ್ಲರೆ ಪೈಪು, ಕೆಜಿಗೆ 85–90.

ಮುಂದಿನದು 25ರ ಡೈ, ಅದು ಲೇತಿನಲ್ಲಿದೆ. ಅಲ್ಲಿಯವರೆಗೆ 38ರ ಪೈಪು ಬಗ್ಗಿಸಬೇಕಾದವರು ತರಬಹುದು, ಬೆಂಡಿಗೆ 100 ತೆಗೆದುಕೊಳ್ಳುತ್ತೇನೆ. ಹೊರ ಅಳತೆ ಮೊದಲೇ ವರ್ನಿಯರಿನಲ್ಲಿ ನೋಡಿಕೊಂಡು ಬನ್ನಿ, 38.2 ದಾಟಿದ್ದು ಡೈಯಲ್ಲಿ ಕೂರುವುದಿಲ್ಲ. ಮಳೆ ಹಿಡಿದು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು ಶುರುವಾದರೆ ಮೆಷಿನ್ನಿಗೆ ಬಿಡುವು, ಅಷ್ಟರೊಳಗೆ ಬನ್ನಿ.